ಟ್ಯೂಡರ್ ಇಂಗ್ಲೆಂಡಿಗೆ ಹೊರಟ ಕಾಲಯಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲಯಂತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಆದರೂ ಟ್ಯೂಡರ್ ಮನೆತನ ಆಳುತ್ತಿದ್ದ 16ನೇ ಶತಮಾನದ ಇಂಗ್ಲೆಂಡಿನ ಬಗ್ಗೆ ನಾಲ್ಕು ಪುಸ್ತಕ ಓದಿಕೊಂಡವನೆಂಬ ಕಾರಣಕ್ಕೆ ನನ್ನನ್ನು ಹಿಡಿದು ನಿಲ್ಲಿಸಿ ಕೇಳುವವರಿಗೆ ಕಡಿಮೆಯಿಲ್ಲ. ಕಾಲಯಾನದ ಕಥೆ ಬರೆಯಲು ಹೊರಟವರು ಕೆಲವರು. ಧಾರಾವಾಹಿ ನೋಡಿ ತಲೆ ಕೆಡಿಸಿಕೊಂಡವರು ಕೆಲವರು. ‘ನಾನು ಅಲ್ಲಿದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತು’ ಎಂದು ರಾತ್ರಿ ಹನ್ನೊಂದಕ್ಕೆ ಸಂದೇಶ ಕಳುಹಿಸುವವರು ಇನ್ನು ಕೆಲವರು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಪ್ರಯಾಣ ಮಾತ್ರ ಕಲ್ಪನೆ. ಹೆಸರು, ಇಸವಿ, ಶಿಕ್ಷೆ ಎಲ್ಲವೂ ನಿಜ.

ಇಳಿದ ಕೂಡಲೇ ಮೊದಲು ಏನನ್ನು ತಿಳಿದುಕೊಳ್ಳಬೇಕು?

ಇಸವಿ. ‘ಯಾವ ಊರು’ ಎಂಬುದನ್ನು ಆಮೇಲೆ ಕೇಳಿದರೂ ನಡೆಯುತ್ತದೆ. 1530ರಲ್ಲಿ ಪೋಪ್ ಚರ್ಚಿನ ಮುಖ್ಯಸ್ಥ ಎಂದರೆ ನೀವು ಸಜ್ಜನರು. 1535ರಲ್ಲಿ ಅದೇ ಮಾತು ಆಡಿದರೆ ರಾಜದ್ರೋಹಿ, ಏಕೆಂದರೆ 1534ರ ಕಾಯ್ದೆ ಎಂಟನೇ ಹೆನ್ರಿಯನ್ನೇ ಇಂಗ್ಲೆಂಡಿನ ಚರ್ಚಿಗೆ ಮುಖ್ಯಸ್ಥನನ್ನಾಗಿ ಮಾಡಿತ್ತು. 1547ರಲ್ಲಿ ಪಟ್ಟಕ್ಕೆ ಬಂದ ಹೆನ್ರಿಯ ಮಗ, ಒಂಬತ್ತು ವರ್ಷದ ಆರನೇ ಎಡ್ವರ್ಡನ ಕಾಲದಲ್ಲಿ ಲ್ಯಾಟಿನ್ ಬಲಿಪೂಜೆ (ರೊಟ್ಟಿ ಕ್ರಿಸ್ತನ ದೇಹವಾಗುತ್ತದೆಂದು ನಂಬಿ ಮಾಡುವ ಹಳೆಯ ಆರಾಧನೆ) ಹೋಗಿ ಇಂಗ್ಲಿಷ್ ಪ್ರಾರ್ಥನೆ ಬಂತು. 1553ರಲ್ಲಿ ಅವನ ಕ್ಯಾಥೊಲಿಕ್ ಅಕ್ಕ ಮೇರಿ ಬಂದಳು, ಲ್ಯಾಟಿನ್ನೂ ಹಿಂದೆಯೇ ಬಂತು, ಮರುವರ್ಷ ಪೋಪನ ಅಧಿಕಾರವೂ ಬಂತು. 1558ರ ನವೆಂಬರ್ 17ರಂದು ಅವಳು ತೀರಿಕೊಂಡು ತಂಗಿ ಎಲಿಜಬೆತ್ ಬಂದಳು. ಮುಂದಿನ ವರ್ಷವೇ ಎಲ್ಲವೂ ಮತ್ತೆ ತಿರುಗಿತು. ಹದಿಮೂರು ವರ್ಷದೊಳಗೆ ಮೂರು ಸಲ ದೇಶದ ಧರ್ಮ ಮಗುಚಿ ಬಿದ್ದಿದೆ. ಯಾರು ಸರಿ ಎಂದು ನೀವು ತೀರ್ಮಾನಿಸಿಕೊಂಡು ಹೋದರೆ ಸಾಲದು, ಇವತ್ತು ಯಾರು ಸರಿ ಎಂಬುದು ಗೊತ್ತಿರಬೇಕು.

ಇಸವಿಯನ್ನು ಯಾರನ್ನಾದರೂ ಕೇಳಿದರೆ ಆಯಿತಲ್ಲ?

ಅಲ್ಲೂ ಒಂದು ತೊಡಕಿದೆ. ಆ ಕಾಲದ ಕಾಗದಪತ್ರಗಳಲ್ಲಿ ಹೊಸ ವರ್ಷ ಹುಟ್ಟುವುದು ಮಾರ್ಚ್ 25ಕ್ಕೆ. ನೀವು ಫೆಬ್ರುವರಿ 1555 ಎಂದುಕೊಂಡಿರುವ ದಿನವನ್ನು ಗುಮಾಸ್ತ 1554 ಎಂದೇ ಬರೆಯುತ್ತಾನೆ. ಇದರ ಮೇಲೆ, 1582ರಲ್ಲಿ ಪೋಪ್ 13ನೇ ಗ್ರೆಗರಿ ಪಂಚಾಂಗ ತಿದ್ದಿ ಹತ್ತು ದಿನ ತೆಗೆದುಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಪೋಪನ ಲೆಕ್ಕ! ಎಲಿಜಬೆತ್ತಳ ಬಿಷಪ್ಪುಗಳು ಒಪ್ಪಲಿಲ್ಲ. ಇಂಗ್ಲೆಂಡ್ ಅದನ್ನು ಒಪ್ಪಿಕೊಂಡದ್ದು 1752ರಲ್ಲಿ. ಅಲ್ಲಿಯವರೆಗೆ ಕಡಲ್ಗಾಲುವೆ ದಾಟಿ ಫ್ರಾನ್ಸಿಗೆ ಹೋದರೆ ತಾರೀಖು ದಿನಗಟ್ಟಲೆ ಮುಂದಕ್ಕೆ ಹಾರುತ್ತಿತ್ತು. ಸೂರ್ಯನಿಗೂ ಪಕ್ಷ ಹಚ್ಚಿದ ಕಾಲ ಅದು.

ಎಂಟನೇ ಹೆನ್ರಿ ಪ್ರಾಟೆಸ್ಟೆಂಟ್ ತಾನೇ? ಅವನ ಕಾಲದಲ್ಲಿ ಪ್ರಾಟೆಸ್ಟೆಂಟ್ ಎಂದು ಹೇಳಿಕೊಂಡರೆ ಕ್ಷೇಮವಲ್ಲವೇ?

ಪ್ರಾಣಕ್ಕೆ ಎರವಾಗುವ ತಪ್ಪು ತಿಳಿವಳಿಕೆ ಇದು. ರೋಮಿನ ಚರ್ಚಿನ ವಿರುದ್ಧ ಪ್ರಾಟೆಸ್ಟೆಂಟ್ ಸುಧಾರಣೆ ಆರಂಭಿಸಿದ ಮಾರ್ಟಿನ್ ಲೂಥರನ ವಿರುದ್ಧ ಬರೆದದ್ದಕ್ಕೆ 1521ರಲ್ಲಿ ಪೋಪನಿಂದಲೇ ‘ಧರ್ಮರಕ್ಷಕ’ ಎಂಬ ಬಿರುದು ಪಡೆದವನು ಹೆನ್ರಿ. ಅವನ ಜಗಳ ಪೋಪನ ಅಧಿಕಾರದ ಜೊತೆ. ಅಣ್ಣನ ವಿಧವೆಯಾಗಿದ್ದ ಕ್ಯಾಥರೀನಳೊಂದಿಗಿನ ತನ್ನ ಮದುವೆ ಮೊದಲಿನಿಂದಲೂ ಅಸಿಂಧು ಎಂದು ಪೋಪ್ ಘೋಷಿಸಬೇಕೆಂಬುದು ಅವನ ಹಟ. ಕ್ಯಾಥರೀನಳ ಅಕ್ಕನ ಮಗ ಚಕ್ರವರ್ತಿ ಐದನೇ ಚಾರ್ಲ್ಸ್. ಅವನ ಸೈನ್ಯ 1527ರಲ್ಲಿ ರೋಮನ್ನೇ ಕೊಳ್ಳೆ ಹೊಡೆದಿತ್ತು. ಅಂಥವನ ಚಿಕ್ಕಮ್ಮನನ್ನು ಪೋಪ್ ಹೇಗೆ ಕೈಬಿಟ್ಟಾನು? ಹೆನ್ರಿ ಪೋಪನನ್ನೇ ಬಿಟ್ಟ, ಬಲಿಪೂಜೆಯನ್ನು ಬಿಡಲಿಲ್ಲ. ಮಠಗಳನ್ನು ಮುಚ್ಚಿಸಿ ಆಸ್ತಿ ಬಾಚಿಕೊಂಡ. 1536ರಿಂದ 1540ರೊಳಗೆ ಸುಮಾರು ಎಂಟುನೂರು ಮಠಗಳು ಮುಗಿದವು. ಆದರೆ ರೊಟ್ಟಿ ಕ್ರಿಸ್ತನ ದೇಹವಾಗುವುದಿಲ್ಲ ಎಂದವರನ್ನು ಸುಡುವುದನ್ನು ನಿಲ್ಲಿಸಲಿಲ್ಲ.

ಇದನ್ನು ಒಂದೇ ದೃಶ್ಯದಲ್ಲಿ ಕಾಣಬೇಕೆಂದರೆ 1540ರ ಜುಲೈ 30ರಂದು ಲಂಡನ್ನಿನ ಸ್ಮಿತ್‌ಫೀಲ್ಡ್ ಮೈದಾನದ ದಾರಿಯಲ್ಲಿ ನಿಲ್ಲಿ. ಕುದುರೆಗಳು ಎಳೆದು ತರುವ ಕಡ್ಡಿ ಹೆಣೆದ ಮೂರು ತಡಿಕೆಗಳು. ಒಂದೊಂದರ ಮೇಲೂ ಇಬ್ಬಿಬ್ಬರನ್ನು ಕಟ್ಟಿ ಮಲಗಿಸಲಾಗಿದೆ: ಒಬ್ಬ ಪೋಪನ ಪಕ್ಷದವನು, ಒಬ್ಬ ಸುಧಾರಕ. ರಾಬರ್ಟ್ ಬಾರ್ನ್ಸ್ ಮತ್ತು ಅವನ ಇಬ್ಬರು ಜೊತೆಗಾರರನ್ನು ಧರ್ಮದ್ರೋಹಿಗಳೆಂದು ಸುಟ್ಟರು. ಥಾಮಸ್ ಏಬಲ್ ಮತ್ತು ಅವನ ಇಬ್ಬರು ಜೊತೆಗಾರರನ್ನು ರಾಜದ್ರೋಹಿಗಳೆಂದು ಗಲ್ಲಿಗೇರಿಸಿ ಸೀಳಿದರು. ಅತ್ತ ದರಿ ಇತ್ತ ಪುಲಿ ಎನ್ನುತ್ತೇವಲ್ಲ, ಇಲ್ಲಿ ದರಿಗೂ ಪುಲಿಗೂ ಒಂದೇ ಗಾಡಿ.

ಈ ಎರಡು ಪದಗಳ ಅಂತರ ನೆನಪಿಟ್ಟುಕೊಳ್ಳಿ, ಮುಂದೆಯೂ ಬೇಕಾಗುತ್ತದೆ. ತಪ್ಪಾಗಿ ನಂಬುವುದು ಧರ್ಮದ್ರೋಹ, ಅದಕ್ಕೆ ಬೆಂಕಿ. ತಪ್ಪು ಯಜಮಾನನಿಗೆ ತಲೆಬಾಗುವುದು ರಾಜದ್ರೋಹ, ಅದಕ್ಕೆ ಹಗ್ಗ ಮತ್ತು ಚೂರಿ. ದೊಡ್ಡ ಮನೆತನದವರಾದರೆ ಕೊಡಲಿ.

ಬಾಯಿ ಮುಚ್ಚಿಕೊಂಡಿದ್ದರೆ ಆಗದೇ?

ಥಾಮಸ್ ಮೋರ್ ಅದನ್ನೇ ಮಾಡಿದ. ದೇಶದ ಚಾನ್ಸಲರ್, ಅಂದರೆ ರಾಜನ ಮುಖ್ಯ ನ್ಯಾಯಾಧಿಕಾರಿ ಆಗಿದ್ದವನು, ಕಾನೂನು ಅರೆದು ಕುಡಿದವನು. ರಾಜ ಚರ್ಚಿನ ಮುಖ್ಯಸ್ಥ ಹೌದೋ ಅಲ್ಲವೋ ಎಂದು ಕೇಳಿದವರಿಗೆಲ್ಲ ಮೌನವೇ ಉತ್ತರ. ವಿಚಾರಣೆಯಲ್ಲಿ ಅವನು ಮುಂದಿಟ್ಟ ವಾದ ನಮಗೆ ಹೊಸದಲ್ಲ: ‘ಮೌನಂ ಸಮ್ಮತಿ ಲಕ್ಷಣಂ’. ಲ್ಯಾಟಿನ್ನಿನಲ್ಲೂ ಅದೇ ಅರ್ಥದ ಸೂತ್ರವಿದೆ. ಮೌನದಿಂದ ಅರ್ಥ ತೆಗೆಯುವುದಾದರೆ ಒಪ್ಪಿಗೆಯೆಂದೇ ತೆಗೆಯಬೇಕು ಎಂದ.

ಆಗ ರಿಚರ್ಡ್ ರಿಚ್ ಎಂಬ ಅಧಿಕಾರಿ ಸಾಕ್ಷಿಗೆ ಬಂದ. ಸೆರೆಯಲ್ಲಿದ್ದ ಮೋರ್‌ನ ಪುಸ್ತಕಗಳನ್ನು ಕಿತ್ತುಕೊಳ್ಳಲು ಹೋಗಿದ್ದಾಗ ಅವನು ರಾಜನ ಅಧಿಕಾರವನ್ನು ಅಲ್ಲಗಳೆದ ಎಂದ. ಆ ಕೋಣೆಯಲ್ಲಿ ಇನ್ನೂ ಇಬ್ಬರಿದ್ದರು. ಮೋರ್‌ನ ಅಳಿಯ ಬರೆದಿಟ್ಟಿರುವಂತೆ, ‘ನಾವು ಪುಸ್ತಕಗಳನ್ನು ಚೀಲಕ್ಕೆ ತುಂಬಿ ಕಟ್ಟುವುದರಲ್ಲಿ ಮುಳುಗಿದ್ದೆವು, ಮಾತಿನ ಕಡೆ ಗಮನ ಕೊಡಲಿಲ್ಲ’ ಎಂದು ಅವರಿಬ್ಬರೂ ಜಾರಿಕೊಂಡರು. ಟ್ಯೂಡರ್ ಕಾಲದಲ್ಲಿ ಬದುಕುವ ಕಲೆಯನ್ನು ಕಲಿಯಬೇಕೆಂದರೆ ಮೋರ್‌ನನ್ನು ಬಿಟ್ಟು ಆ ಚೀಲ ಕಟ್ಟುತ್ತಿದ್ದವರನ್ನು ನೋಡಿ. 1535ರ ಜುಲೈ 6ರಂದು ಮೋರ್‌ನ ತಲೆ ಉರುಳಿತು.

ಐವತ್ತು ವರ್ಷ ಕಳೆದ ಮೇಲೂ ಮೌನ ಅಗ್ಗವಾಗಿರಲಿಲ್ಲ. ಯಾರ್ಕ್ ಪಟ್ಟಣದ ಕಸಾಯಿಗಾರನ ಹೆಂಡತಿ ಮಾರ್ಗರೆಟ್ ಕ್ಲಿದರೋ ಮನೆಯಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ಅಡಗಿಸಿಟ್ಟಿದ್ದಳು. ನ್ಯಾಯಾಲಯದಲ್ಲಿ ‘ತಪ್ಪು ಮಾಡಿದ್ದೇನೆ’ ಎಂದಾಗಲಿ ‘ಮಾಡಿಲ್ಲ’ ಎಂದಾಗಲಿ ಹೇಳಲು ಒಪ್ಪಲಿಲ್ಲ. ಹೇಳಿದರೆ ವಿಚಾರಣೆ ನಡೆಯುತ್ತದೆ, ನಡೆದರೆ ಅವಳ ಮಕ್ಕಳನ್ನೇ ಸಾಕ್ಷಿಗೆ ಕರೆಯುತ್ತಾರೆ. ಬಾಯಿ ಬಿಡದವರಿಗೆ ಆಗಿನ ಕಾನೂನಿನಲ್ಲಿದ್ದ ಶಿಕ್ಷೆ, ಮೈಮೇಲೆ ಹಲಗೆಯಿಟ್ಟು ಅದರ ಮೇಲೆ ಕಲ್ಲು ಹೇರುವುದು. 1586ರ ಮಾರ್ಚ್ 25ರಂದು ಅವಳು ಹಾಗೆ ಸತ್ತಳು.

ಮುಂದೆ ಏನಾಗುತ್ತದೆ ಎಂದು ನಮಗೆ ಗೊತ್ತಿರುತ್ತದಲ್ಲ. ಅದನ್ನು ಬಳಸಿಕೊಂಡು ಪಾರಾಗಬಹುದೇ?

ಕಾಲಯಾನದ ಕಥೆ ಬರೆಯುವವರೆಲ್ಲ ಇಲ್ಲೇ ಎಡವುತ್ತಾರೆ. ‘ರಾಣಿ ಇಂಥ ದಿನ ಸಾಯುತ್ತಾಳೆ’ ಎಂದು ನಾಯಕ ಹೇಳುತ್ತಾನೆ, ಆಸ್ಥಾನ ಬೆರಗಾಗುತ್ತದೆ, ಅವನಿಗೆ ಪಲ್ಲಕ್ಕಿ ಬರುತ್ತದೆ. ನಿಜದಲ್ಲಿ ಅವನಿಗಾಗಿ ಬರುವುದು ಹಗ್ಗ. ಟ್ಯೂಡರ್ ರಾಜರು ಭವಿಷ್ಯ ಹೇಳುವವರಿಗೆ ಹೆದರುತ್ತಿದ್ದಷ್ಟು ಕುದುರೆ ಸವಾರರ ದಂಡಿಗೂ ಹೆದರುತ್ತಿರಲಿಲ್ಲವೇನೋ.

ಮೂರು ಪ್ರಸಂಗ ಹೇಳುತ್ತೇನೆ. ಕೆಂಟ್ ಸೀಮೆಯ ಎಲಿಜಬೆತ್ ಬಾರ್ಟನ್ ಮನೆಗೆಲಸದ ಹುಡುಗಿಯಾಗಿದ್ದವಳು. ಕಾಯಿಲೆ ಬಿದ್ದಾಗ ದರ್ಶನಗಳಾಗತೊಡಗಿ ಸನ್ಯಾಸಿನಿಯಾದಳು, ಬಿಷಪ್ಪುಗಳೇ ಬಂದು ಮಾತು ಕೇಳುವಷ್ಟು ಹೆಸರಾದಳು. ಹೆನ್ರಿ ಕ್ಯಾಥರೀನಳನ್ನು ಬಿಟ್ಟು ಆನ್ ಬೊಲಿನ್‌ಳನ್ನು ಮದುವೆಯಾದರೆ ಬೇಗನೇ ಸಿಂಹಾಸನವನ್ನೂ ಪ್ರಾಣವನ್ನೂ ಕಳೆದುಕೊಳ್ಳುತ್ತಾನೆ ಎಂದಳು. ಹೆನ್ರಿ ಮದುವೆಯಾದ, ಬದುಕಿಯೇ ಇದ್ದ. 1534ರ ಏಪ್ರಿಲ್ 20ರಂದು ಟೈಬರ್ನ್‌ನಲ್ಲಿ ಅವಳನ್ನು ಗಲ್ಲಿಗೇರಿಸಿದರು. ಎರಡನೆಯದು 1555ರದು. ಗಣಿತಜ್ಞ ಜಾನ್ ಡೀ ಮೇರಿ ರಾಣಿಯ, ಅವಳ ಗಂಡ ಫಿಲಿಪ್‌ನ ಮತ್ತು ತಂಗಿ ಎಲಿಜಬೆತ್ತಳ ಜಾತಕ ಲೆಕ್ಕ ಹಾಕಿದನೆಂದು ಬಂಧನಕ್ಕೊಳಗಾದ. ಜಾತಕ ನೋಡುವುದೇ ಅಪರಾಧವೇ ಎಂದು ನಮ್ಮವರು ಹುಬ್ಬೇರಿಸಬಹುದು. ರಾಣಿಯ ಜಾತಕ ನೋಡುವುದೆಂದರೆ ಅವಳ ಆಯುಸ್ಸು ಎಣಿಸುವುದು, ಆಯುಸ್ಸು ಎಣಿಸುವುದೆಂದರೆ ಮುಂದಿನವರಿಗಾಗಿ ಕಾಯುವುದು. ಮುಂದಿನವರ ಧರ್ಮ ಬೇರೆ! ಮೂರನೆಯದು ನೇರವಾಗಿ ಕಾನೂನೇ. ಎಲಿಜಬೆತ್ ಎಷ್ಟು ದಿನ ಬದುಕುತ್ತಾಳೆ, ಅವಳ ನಂತರ ಯಾರು ಆಳುತ್ತಾರೆ ಎಂದು ಜಾತಕ, ಲೆಕ್ಕ ಅಥವಾ ಭವಿಷ್ಯವಾಣಿಯಿಂದ ಹೇಳುವುದನ್ನು 1581ರ ಕಾಯ್ದೆ ಘೋರ ಅಪರಾಧವನ್ನಾಗಿ ಮಾಡಿತು. ಒಬ್ಬ ಕಾಲಯಾನಿಯ ತಲೆಯೊಳಗೆ ಇರುವುದೇ ಆ ಎರಡು ಸಂಗತಿ. 1603, ಜೇಮ್ಸ್. ಬಾಯಿ ತೆರೆಯಬೇಡಿ.

ಸಾಮಾನ್ಯ ಜನ ಇದನ್ನೆಲ್ಲ ಹೇಗೆ ಸಹಿಸಿಕೊಂಡರು?

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಖುಷಿ. ಉತ್ತರಕ್ಕೆ ಡೆವನ್ ಸೀಮೆಯ ಮೋರ್‌ಬಾತ್ ಎಂಬ ಪುಟ್ಟ ಹಳ್ಳಿಗೆ ಹೋಗಬೇಕು. ಮೂವತ್ತು ಚಿಲ್ಲರೆ ಮನೆಗಳ ಊರು. 1520ರಲ್ಲಿ ಕ್ರಿಸ್ಟೋಫರ್ ಟ್ರಿಕಿ ಎಂಬ ಪಾದ್ರಿ ಅಲ್ಲಿಗೆ ಬಂದ. 1574ರಲ್ಲಿ ಸಾಯುವವರೆಗೂ ಅಲ್ಲಿಯೇ ಇದ್ದ. ನಾಲ್ವರು ಆಳುವವರು ಬದಲಾದರೂ ಊರಿನ ಪಾದ್ರಿ ಒಬ್ಬನೇ. ಚರ್ಚಿನ ಜಮಾಖರ್ಚನ್ನು ತನ್ನ ಕೈಯಿಂದಲೇ ಬರೆಯುತ್ತಿದ್ದ, ಊರವರೆದುರು ಓದಿ ಹೇಳುತ್ತಿದ್ದ. ಆ ಲೆಕ್ಕದ ಪುಸ್ತಕ ಉಳಿದುಬಂದಿದೆ.

ಸತ್ತವರಿಗಾಗಿ ಮಾಡುವ ಪೂಜೆಗೆ ಒಂದು ಜೊತೆ ಕಪ್ಪು ಪೂಜಾವಸ್ತ್ರ ಬೇಕೆಂಬುದು ಅವನ ಆಸೆ. ಬಡ ಊರು, ಕೇಳಿದರೆ ತಕ್ಷಣ ಬರುವಷ್ಟು ಹಣವಿಲ್ಲ. ಸುಮಾರು ಇಪ್ಪತ್ತು ವರ್ಷ ಪೈಸೆಗೆ ಪೈಸೆ ಕೂಡಿಸಿದ. 1547ರಲ್ಲಿ ವಸ್ತ್ರ ಬಂತು. ಅದೇ ವರ್ಷ ಎಡ್ವರ್ಡ್ ಪಟ್ಟಕ್ಕೆ ಬಂದ, ಸತ್ತವರಿಗಾಗಿ ಪೂಜೆ ಮಾಡಿಸುವುದೇ ಅಂಧಶ್ರದ್ಧೆ ಎಂದಾಯಿತು. ಸ್ವಲ್ಪ ಹೊತ್ತು ಆ ಕಪ್ಪು ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿ. ಆಸ್ಥಾನದ ಒಳಸಂಚುಗಳ ನೂರು ಪುಟ ಓದಿದರೂ ತಿಳಿಯದ್ದು ಅಲ್ಲಿ ತಿಳಿಯುತ್ತದೆ.

ಮೇರಿಯ ಕಾಲ ಬಂದಾಗ, ಊರವರು ಅಟ್ಟದಲ್ಲಿ ಮೂಲೆಯಲ್ಲಿ ಬಚ್ಚಿಟ್ಟಿದ್ದ ವಿಗ್ರಹದ ತುಂಡು, ಚಿತ್ರ, ಪುಸ್ತಕಗಳು ಒಂದೊಂದಾಗಿ ಚರ್ಚಿಗೆ ಮರಳಿದವು. ಎಲಿಜಬೆತ್ ಬಂದಾಗ ಮತ್ತೆ ಹೊರಗೆ. ಟ್ರಿಕಿ ಎಲ್ಲಿಗೂ ಹೋಗಲಿಲ್ಲ. ಗಾಳಿ ಬಂದ ಕಡೆ ತೂರಿಕೊಂಡವನು ಎಂದು ಅವನನ್ನು ಹಗುರವಾಗಿ ಕಾಣುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಊರು ಬಿಟ್ಟುಹೋದರೆ ಸತ್ತವರನ್ನು ಹೂಳುವವರಾರು?

ಇನ್ನೊಂದು ಊರು, ಇನ್ನೊಂದು ಉಪಾಯ. ಸ್ಟ್ರಾಟ್‌ಫರ್ಡ್ ಪಟ್ಟಣದ ಪ್ರಾರ್ಥನಾಮಂದಿರದ ಗೋಡೆಚಿತ್ರಗಳನ್ನು ಕೆಡಿಸಲು 1563ರ ಲೆಕ್ಕದಲ್ಲಿ ಎರಡು ಶಿಲ್ಲಿಂಗ್ ಖರ್ಚು ಬಿದ್ದಿದೆ. ಆಗ ಪಟ್ಟಣದ ಹಣಕಾಸು ನೋಡುತ್ತಿದ್ದವನು ಜಾನ್ ಶೇಕ್ಸ್‌ಪಿಯರ್, ಮರುವರ್ಷ ಹುಟ್ಟಿದ ವಿಲಿಯಮ್ಮನ ತಂದೆ. ಕೆತ್ತಿ ತೆಗೆಯಬೇಕಿದ್ದ ಚಿತ್ರಗಳಲ್ಲಿ ಎಷ್ಟೋ ಸುಣ್ಣದ ಕೆಳಗೆ ಭದ್ರವಾಗಿ ಉಳಿದಿದ್ದವು. ಕೆಲಸಗಾರರ ಮೈಗಳ್ಳತನವೋ, ಮಾಡಿಸಿದವರ ಜಾಣತನವೋ, ನಿಮ್ಮ ಊಹೆಗೆ ಬಿಟ್ಟದ್ದು.

ತಮ್ಮದೇ ಭಾಷೆಯಲ್ಲಿ ಪ್ರಾರ್ಥನೆ ಬಂದಾಗ ಜನ ಸಂತೋಷಪಡಲಿಲ್ಲವೇ?

ತಮ್ಮ ಭಾಷೆ ಎಂದರೆ ಯಾರ ಭಾಷೆ? 1549ರ ಜೂನ್ 9ರಿಂದ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಕಡ್ಡಾಯವಾಯಿತು. ಮರುದಿನವೇ ಡೆವನ್ನಿನ ಸ್ಯಾಂಪ್‌ಫರ್ಡ್ ಕೋರ್ಟ್ನಿ ಹಳ್ಳಿಯವರು ಪಾದ್ರಿಗೆ ಹಳೆಯ ವಸ್ತ್ರ ಉಡಿಸಿ ಹಳೆಯ ಪೂಜೆಯನ್ನೇ ಮಾಡಿಸಿದರು. ಹೊಸದು ಕ್ರಿಸ್ಮಸ್ ಹಬ್ಬದ ಆಟದಂತಿದೆ ಎಂದು ದಂಗೆಕೋರರು ಬರೆದುಕೊಟ್ಟರು. ಕಾರ್ನ್‌ವಾಲಿನವರ ದೂರು ಬೇರೆಯೇ: ನಮ್ಮಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ಬರುವುದಿಲ್ಲ. ಅವರ ಮಾತು ಕಾರ್ನಿಷ್. ‘ಹಾಗಾದರೆ ಲ್ಯಾಟಿನ್ ಅರ್ಥವಾಗುತ್ತಿತ್ತೇ’ ಎಂದು ಆರ್ಚ್‌ಬಿಷಪ್ ಕ್ರ್ಯಾನ್ಮರ್ ಚುಚ್ಚಿದ. ಜಾಣ ಉತ್ತರವೇನೋ ಹೌದು. ಆದರೆ ಯಾರಿಗೂ ಅರ್ಥವಾಗದ ದೇವಭಾಷೆ ಬೇರೆ, ಪಕ್ಕದವನ ಭಾಷೆಯನ್ನು ಅಪ್ಪಣೆ ಮಾಡಿ ಬಾಯಿಗೆ ತುರುಕುವುದು ಬೇರೆ. ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ದಂಗೆಯಲ್ಲಿ ಸಾವಿರಾರು ಜನ ಸತ್ತರು. ಮೋರ್‌ಬಾತ್ ಊರಿನಿಂದಲೂ ಐವರು ಯುವಕರು ಹೋದರು. ಅವರ ಕತ್ತಿ ಬಿಲ್ಲುಗಳ ಖರ್ಚು ಟ್ರಿಕಿಯ ಲೆಕ್ಕದಲ್ಲಿದೆ.

ಇಂಗ್ಲಿಷ್ ಬೈಬಲ್ ಜೊತೆಗಿರಲಿ ಎಂದುಕೊಂಡಿದ್ದೇನೆ.

ಬೇಡ. ಅದನ್ನು ಅನುವಾದಿಸಿದ ವಿಲಿಯಂ ಟಿಂಡೇಲನನ್ನು 1536ರಲ್ಲಿ ಕತ್ತು ಬಿಗಿದು ಕೊಂದು ಸುಟ್ಟರು. ಮೂರೇ ವರ್ಷಕ್ಕೆ ಅವನ ಮಾತುಗಳೇ ಬಹುಪಾಲು ತುಂಬಿದ ಬೈಬಲ್ ರಾಜಾಜ್ಞೆಯಿಂದ ಅಚ್ಚಾಯಿತು. 1543ರ ಕಾಯ್ದೆ ಕೂಲಿಕಾರರು, ಕುಶಲಕರ್ಮಿಗಳು, ಆಳುಗಳು, ಸಾಮಾನ್ಯ ಹೆಂಗಸರು ಅದನ್ನು ಓದಕೂಡದೆಂದಿತು. ಗೌರವಸ್ಥ ಮನೆತನದ ಹೆಂಗಸಾದರೆ ಒಬ್ಬಳೇ ಕುಳಿತು ಓದಬಹುದು.

ಕೊರಳಲ್ಲಿ ರುದ್ರಾಕ್ಷಿ ಇದೆ. ತೆಗೆಯಬೇಕೇ?

ತೆಗೆಯಿರಿ. ಎಲಿಜಬೆತ್ತಳ ಕಾಲದಲ್ಲಿ ಎಣಿಸುವ ಮಣಿಯೆಂದರೆ ಕ್ಯಾಥೊಲಿಕ್ ಜಪಸರ. ರೋಮಿನಿಂದ ಬಂದ ಮಣಿ, ಶಿಲುಬೆ, ಕುರಿಮರಿಯ ಮುದ್ರೆಯೊತ್ತಿದ ಮೇಣದ ಬಿಲ್ಲೆ ಇವುಗಳನ್ನು ದೇಶಕ್ಕೆ ತರುವುದನ್ನೂ ಹಂಚುವುದನ್ನೂ 1571ರ ಕಾಯ್ದೆ ನಿಷೇಧಿಸಿತ್ತು. 1577ರಲ್ಲಿ ಲಾನ್ಸ್‌ಟನ್‌ನಲ್ಲಿ ಗಲ್ಲಿಗೇರಿದ ಪಾದ್ರಿ ಕತ್‌ಬರ್ಟ್ ಮೇನ್‌ನ ಮೇಲಿದ್ದ ಆರೋಪಗಳಲ್ಲಿ ಅಂಥ ಬಿಲ್ಲೆಯೂ ಒಂದು. ಶಿವ ಯಾರು, ಪೋಪ್ ಯಾರು ಎಂದು ವಿವರಿಸುವಷ್ಟು ಸಮಯ ಸಿಗುವುದಿಲ್ಲ.

ನಾನು ಸಸ್ಯಾಹಾರಿ. ಅನುಮಾನ ಬರುತ್ತದೆಯೇ?

ಕೆಲವು ದಿನ ನೀವೇ ಎಲ್ಲರಿಗಿಂತ ಸುರಕ್ಷಿತ. ಶುಕ್ರವಾರ, ಶನಿವಾರ ಮತ್ತು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮಾಂಸ ತಿಂದು ಸಿಕ್ಕಿಬಿದ್ದವರಿಗೇ ತೊಂದರೆ. ವಿನೋದವೆಂದರೆ ಪ್ರಾಟೆಸ್ಟೆಂಟ್ ಸರ್ಕಾರವೂ ಈ ನೇಮವನ್ನು ಬಿಡಲಿಲ್ಲ. 1563ರಲ್ಲಿ ಬುಧವಾರವನ್ನೂ ಸೇರಿಸಿತು, ಮೀನುಗಾರರು ಬದುಕಲಿ, ನೌಕಾಪಡೆಗೆ ನಾವಿಕರು ಸಿಗಲಿ ಎಂದು. ಮೀನು ತಿಂದರೆ ಆತ್ಮೋದ್ಧಾರವಾಗುತ್ತದೆ ಎಂದು ಯಾರಾದರೂ ಬೋಧಿಸಿದರೆ ಸುಳ್ಳು ಸುದ್ದಿ ಹಬ್ಬಿಸಿದವರಂತೆ ಶಿಕ್ಷೆ ಎಂದೂ ಕಾಯ್ದೆಯಲ್ಲೇ ಬರೆದರು. ಉಪವಾಸ ಕಡ್ಡಾಯ, ಪುಣ್ಯ ನಿಷಿದ್ಧ.

ನಮ್ಮ ಮೈಬಣ್ಣ ನೋಡಿಯೇ ಹಿಡಿಯುವುದಿಲ್ಲವೇ?

ಬಣ್ಣಕ್ಕಿಂತ ನೀವು ಭಾನುವಾರ ಚರ್ಚಿಗೆ ಬಂದಿರೋ ಇಲ್ಲವೋ ಎಂಬುದು ದೊಡ್ಡದು. ಹೆನ್ರಿಯ ಆಸ್ಥಾನದಲ್ಲಿ ಜಾನ್ ಬ್ಲ್ಯಾಂಕ್ ಎಂಬ ಕಪ್ಪು ಜನಾಂಗದ ಕಹಳೆಗಾರನಿದ್ದ. 1511ರ ಪಂದ್ಯಾವಳಿಯ ಚಿತ್ರಸುರುಳಿಯಲ್ಲಿ ತಲೆಗೆ ರುಮಾಲು ಸುತ್ತಿ ಕುದುರೆಯ ಮೇಲೆ ಕುಳಿತಿದ್ದಾನೆ. ಚರ್ಚಿಗೆ ಬಾರದವರಿಗೆ 1559ರಿಂದ ಒಂದು ಸಲಕ್ಕೆ ಹನ್ನೆರಡು ಪೆನ್ಸ್ ದಂಡ, ಕೂಲಿಯಾಳಿನ ದಿನಗೂಲಿಗಿಂತ ಹೆಚ್ಚು. 1581ರಲ್ಲಿ ಅದು ತಿಂಗಳಿಗೆ ಇಪ್ಪತ್ತು ಪೌಂಡಿಗೆ ಏರಿತು. ಕೂಲಿಯವನು ವರ್ಷವಿಡೀ ದುಡಿದರೂ ಅಷ್ಟು ಹುಟ್ಟುತ್ತಿರಲಿಲ್ಲ.

ಟ್ಯೂಡರರು ಮುಗಿದು ಹದಿಮೂರು ವರ್ಷಕ್ಕೆ, 1616ರ ಡಿಸೆಂಬರಿನಲ್ಲಿ, ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಹುಡುಗನೊಬ್ಬನಿಗೆ ಲಂಡನ್ನಿನಲ್ಲಿ ದೀಕ್ಷಾಸ್ನಾನವಾಯಿತು. ಪೀಟರ್ ಎಂಬ ಹೆಸರನ್ನು ರಾಜ ಜೇಮ್ಸನೇ ಆರಿಸಿದ. ಅವನಿಗೆ ಅಡ್ಡಹೆಸರಾಗಿ ಬಂದದ್ದು ‘ಪೋಪ್’. ಪೋಪನನ್ನು ಬೈಯುವುದೇ ಭಕ್ತಿಯಾಗಿದ್ದ ಊರಿನಲ್ಲಿ ಅದು ಯಾರ ತಮಾಷೆಯೋ!

ಯಾರು ಹೆಚ್ಚು ಜನರನ್ನು ಕೊಂದರು? ಮೇರಿಯೇ ಅಲ್ಲವೇ?

ಮೇರಿಯ ಕಾಲದಲ್ಲಿ, 1555ರ ಫೆಬ್ರುವರಿಯಿಂದ ನಾಲ್ಕು ವರ್ಷ ತುಂಬುವ ಮೊದಲೇ, ಸುಮಾರು 280 ಜನರನ್ನು ಸುಟ್ಟರು. ಅವರಲ್ಲಿ ಐವತ್ತಕ್ಕೂ ಹೆಚ್ಚು ಹೆಂಗಸರು. ನಂಬಿಕೆಗಾಗಿ ಸುಟ್ಟ ಲೆಕ್ಕದಲ್ಲಿ ಅವಳೇ ಮುಂದೆ, ಅದಕ್ಕೆ ಸಮರ್ಥನೆ ಹುಡುಕುವುದು ಬೇಡ. ಎಲಿಜಬೆತ್ತಳ ಕಾಲದಲ್ಲಿ 180ಕ್ಕೂ ಹೆಚ್ಚು ಕ್ಯಾಥೊಲಿಕರು ಸತ್ತರು. ಅವರನ್ನು ಸುಡಲಿಲ್ಲ, ಧರ್ಮಕ್ಕಾಗಿ ಕೊಂದೆವು ಎಂದೂ ಹೇಳಲಿಲ್ಲ. 1570ರಲ್ಲಿ ಪೋಪ್ ಅವಳನ್ನು ಬಹಿಷ್ಕರಿಸಿ, ಪ್ರಜೆಗಳು ಅವಳಿಗೆ ವಿಧೇಯರಾಗಬೇಕಿಲ್ಲ ಎಂದಿದ್ದ. ಆಮೇಲೆ ಪ್ರತಿ ಕ್ಯಾಥೊಲಿಕ್ ಪಾದ್ರಿಯೂ ಬೇಹುಗಾರನಂತೆ ಕಂಡ. ಆಭರಣ ವ್ಯಾಪಾರಿಯ ವೇಷದಲ್ಲಿ ಬಂದ ಎಡ್ಮಂಡ್ ಕ್ಯಾಂಪಿಯನ್ 1581ರಲ್ಲಿ ಸತ್ತದ್ದು ರಾಜದ್ರೋಹದ ಹೆಸರಿನಲ್ಲಿಯೇ. ಹೆನ್ರಿಯಂತೂ ಎರಡೂ ಖಾತೆಗಳಲ್ಲಿ ಬರೆಸಿಕೊಂಡವನು.

ಒಬ್ಬರನ್ನಾದರೂ ಉಳಿಸಿ ಬರಬಹುದೇ?

ಹೆಚ್ಚಿನವರು ಕ್ರ್ಯಾನ್ಮರ್ ಹೆಸರು ಹೇಳುತ್ತಾರೆ. ಅವನೇ ತನ್ನನ್ನು ಉಳಿಸಿಕೊಳ್ಳಲು ಏನೆಲ್ಲ ಮಾಡಿದನೆಂಬುದನ್ನು ಮೊದಲು ಕೇಳಿ. ಮೇರಿಯ ಸೆರೆಯಲ್ಲಿ ತನ್ನ ನಂಬಿಕೆಯೆಲ್ಲ ತಪ್ಪೆಂದು ಮತ್ತೆ ಮತ್ತೆ ಸಹಿ ಮಾಡಿಕೊಟ್ಟ. ತಪ್ಪೊಪ್ಪಿಕೊಂಡವರನ್ನು ಸುಡದೆ ಬಿಡುವುದು ವಾಡಿಕೆ. ಆದರೆ ಮೇರಿಯ ತಾಯಿ ಕ್ಯಾಥರೀನಳ ಮದುವೆ ಅಸಿಂಧುವೆಂದು ತೀರ್ಪು ಕೊಟ್ಟವನು ಇವನೇ, ಬಿಡಲಿಲ್ಲ. 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ, ಕೊನೆಯ ಸಲ ತಪ್ಪೊಪ್ಪಿಗೆ ಓದುತ್ತಾನೆಂದು ಎಲ್ಲರೂ ಕಾದಿದ್ದಾಗ, ಅದನ್ನೆಲ್ಲ ಹಿಂತೆಗೆದುಕೊಂಡ. ಸಹಿ ಮಾಡಿದ ಬಲಗೈಯನ್ನೇ ಮೊದಲು ಉರಿಗೆ ಚಾಚಿದ. ನೀವು ಒಂದು ಗಂಟೆ ಮುಂಚೆ ಹೋಗಿ ಅವನನ್ನು ಬಿಡಿಸಿದಿರೆಂದುಕೊಳ್ಳಿ. ಆರ್ಚ್‌ಬಿಷಪ್ ಬದುಕುತ್ತಾನೆ, ಆ ಕೈ ಮಾತ್ರ ಅವನನ್ನು ಬಿಡುವುದಿಲ್ಲ.

ಈ ಜಗಳಕ್ಕೂ ನಮ್ಮ ಕಡೆಗೂ ಏನಾದರೂ ನಂಟಿದೆಯೇ?

ಇದೆ, ಗೋವೆಯ ದಾರಿಯಲ್ಲಿ. ಎಲಿಜಬೆತ್ತಳ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕನಾಗಿ ಬಾಳಲಾಗದೆ ಥಾಮಸ್ ಸ್ಟೀಫನ್ಸ್ ಎಂಬ ಯುವಕ ರೋಮಿಗೆ ಹೋಗಿ 1575ರಲ್ಲಿ ಕ್ಯಾಥೊಲಿಕ್ ಪಾದ್ರಿಗಳ ಜೆಸ್ವಿಟ್ ಸಂಘ ಸೇರಿದ. 1579ರ ಅಕ್ಟೋಬರಿನಲ್ಲಿ ಗೋವೆಗೆ ಬಂದಿಳಿದ. ಸಾಯುವವರೆಗೆ, ಅಂದರೆ ಇನ್ನು ನಲವತ್ತು ವರ್ಷ, ಅಲ್ಲಿಯೇ ಇದ್ದು ಕೊಂಕಣಿ, ಮರಾಠಿ ಕಲಿತು ‘ಕ್ರಿಸ್ತಪುರಾಣ’ ಬರೆದ. ಕೊಂಕಣಿಗೆ ಅವನು ಬರೆದ ವ್ಯಾಕರಣ 1640ರಲ್ಲಿ ಅಚ್ಚಾಯಿತು. ಅದರ ಹೆಸರಿನಲ್ಲಿ ಭಾಷೆಯನ್ನು ‘ಕನಾರಿಂ’ ಎಂದು ಕರೆದಿದೆ. ಪೋರ್ಚುಗೀಸರಿಗೆ ಕೊಂಕಣಿಯೂ ಕನ್ನಡವೂ ಒಂದೇ ಹೆಸರಿನಲ್ಲಿ ಕಲಸಿಹೋಗಿದ್ದ ಕಾಲ.

1583ರ ಕೊನೆಗೆ ಕೆಲವು ಇಂಗ್ಲಿಷ್ ವ್ಯಾಪಾರಿಗಳನ್ನು ಬೇಹುಗಾರರೆಂಬ ಗುಮಾನಿಯ ಮೇಲೆ ಗೋವೆಗೆ ಹಿಡಿದು ತಂದು ಸೆರೆಗೆ ಹಾಕಿದರು. ಅವರ ಬಳಿ ಇದ್ದದ್ದು ಎಲಿಜಬೆತ್ ರಾಣಿಯ ಪತ್ರಗಳು. ಅವರಿಗಾಗಿ ಓಡಾಡಿ ಜಾಮೀನು ಕೊಡಿಸಲು ನೆರವಾದವನು, ಅದೇ ರಾಣಿಯ ಕಾಯ್ದೆಗಳಿಂದಾಗಿ ಊರು ಬಿಟ್ಟಿದ್ದ ಸ್ಟೀಫನ್ಸ್. ಅವರಲ್ಲೊಬ್ಬನಾದ ರಾಲ್ಫ್ ಫಿಚ್ 1584ರ ಏಪ್ರಿಲಿನಲ್ಲಿ ಜಾಮೀನು ಮುರಿದು ಗೋವೆಯಿಂದ ತಪ್ಪಿಸಿಕೊಂಡ. ಗಡಿ ದಾಟಿ ಮೊದಲು ತಲುಪಿದ ಊರುಗಳಲ್ಲಿ ಒಂದು ಬೆಳಗಾವಿ. ಅಲ್ಲಿ ವಜ್ರ, ಮಾಣಿಕ್ಯಗಳ ದೊಡ್ಡ ಸಂತೆ ನಡೆಯುತ್ತದೆ ಎಂದು ಬರೆದುಕೊಂಡು ಬಿಜಾಪುರದ ದಾರಿ ಹಿಡಿದ.